ಇಪ್ಪತ್ತಮೂರನೆಯ ಕಾರ್ಡು

೧೭ ಏಪ್ರಿಲ್ ೧೯೯೫, ಸೋಮವಾರ

ಹೊಸ ಮಶೀನು ನಿನ್ನೆ ಚಾಲೂ ಆಯಿತು. ಅಕ್ಕಲಕೋಟದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹದಿನೆಂಟು ವರ್ಷ ಟಕಟಕ ಎಂದು ನನ್ನ ತಲೆ ತಿಂದ ಹಳೆಯ ಯಂತ್ರವನ್ನು ಬಿಚ್ಚಿ ಲಾರಿಗೆ ಹೇರುತ್ತಿದ್ದಾರೆ. ಅದರ ಜಾಗದಲ್ಲಿ ಬಟ್ಟೆ ಇಡುವ ಕಪಾಟಿನಷ್ಟು ಎತ್ತರದ ನಾಲ್ಕು ಕಬ್ಬಿಣದ ಕಪಾಟು ನಿಂತಿವೆ. ಒಳಗೆ ಅರವತ್ತನಾಲ್ಕು ಕಾರ್ಡು, ಒಂದೊಂದು ಕಾರ್ಡಿಗೆ ಎಂಟು ಫೋನ್ ಲೈನು. ಸದ್ದಿಲ್ಲ, ಸುಳಿವಿಲ್ಲ. ಸಣ್ಣ ಕೆಂಪು ದೀಪಗಳು ಮಿಣುಕುತ್ತವೆ, ಅಷ್ಟೇ.

ನನ್ನ ಕೆಲಸ ಬ್ಯಾಟರಿಯದು. ಕರೆಂಟ್ ಹೋದಾಗ ಊರಿನ ಫೋನು ಬದುಕುವುದು ನನ್ನ ಕೋಣೆಯ ಇಪ್ಪತ್ತನಾಲ್ಕು ಬ್ಯಾಟರಿಗಳ ಮೇಲೆ. ಹಳೆಯ ಯಂತ್ರ ಜನ ಮಾತಾಡಿದಷ್ಟೇ ಕರೆಂಟ್ ತಿನ್ನುತ್ತಿತ್ತು. ಮೀಟರಿನ ಮುಳ್ಳು ನೋಡಿ ನಾನು ಊರಿನ ಸುದ್ದಿ ಹೇಳುತ್ತಿದ್ದೆ. ಗುರುವಾರ ಮಠಕ್ಕೆ ಭಕ್ತರು ಬಂದರೆ ಮೂವತ್ತು ಆಂಪಿಯರ್. ಮಧ್ಯಾಹ್ನ ಊರು ಉಂಡು ಮಲಗಿದರೆ ಐದು. ದೊಡ್ಡವರು ಯಾರಾದರೂ ಸತ್ತರೆ ಬೆಳಗಿನ ಆರಕ್ಕೇ ಇಪ್ಪತ್ತು. ಹೊಸದರ ಮುಳ್ಳು ಜನ ಮಾತಾಡಿದರೂ ಇಪ್ಪತ್ತೆರಡು, ಸುಮ್ಮನಿದ್ದರೂ ಇಪ್ಪತ್ತೆರಡು. ಊರು ಸತ್ತಿದೆಯೋ ಬದುಕಿದೆಯೋ ಇದಕ್ಕೆ ಗೊತ್ತಾಗುವುದಿಲ್ಲ.

ಹೊಸ ಮಶೀನು ಕಡಿಮೆ ವಿದ್ಯುತ್ ಬಳಸುತ್ತದೆ ಎಂದು ಮೇಲಿನಿಂದ ಬಂದ ಕಾಗದದಲ್ಲಿದೆ. ಹಳೆಯದರ ಗದ್ದಲದ ಹೊತ್ತಿಗೆ ಹೋಲಿಸಿದರೆ ನಿಜ. ಆದರೆ ಹಳೆಯದು ನಡುನಡುವೆ ನಿದ್ದೆ ಮಾಡುತ್ತಿತ್ತು. ಇದು ಕಣ್ಣು ಮುಚ್ಚುವುದೇ ಇಲ್ಲ. ಬ್ಯಾಟರಿಗಳೋ ನನ್ನ ಹಾಗೆ ಮುದಿಯಾಗಿವೆ.

ಮನೆಯಲ್ಲಿ ಕನ್ನಡ ಓದುವವನು ನಾನೊಬ್ಬನೇ. ಹೆಂಡತಿ ಅಂಬಾಬಾಯಿಗೂ ಮಗಳು ಸುರಭಿಗೂ ಓದು ಬರಹವೆಲ್ಲ ಮರಾಠಿಯಲ್ಲಿ. ಹಾಗಾಗಿ ಈ ವಹಿಗೆ ಬೀಗ ಬೇಕಿಲ್ಲ. ಮನೆ ಸೊಲ್ಲಾಪುರದಲ್ಲಿ, ಐದರ ಬಸ್ಸಿಗೆ ಕಾಯುತ್ತಾ ಇಲ್ಲೇ ಸ್ಟ್ಯಾಂಡಿನ ಕಟ್ಟೆಯ ಮೇಲೆ ಬರೆಯುತ್ತೇನೆ.

೨೭ ಏಪ್ರಿಲ್, ಗುರುವಾರ

ಆಗಬಾರದ್ದು ಆಯಿತು. ಇಂದು ಮಠದ ಸ್ವಾಮಿಗಳ ಪುಣ್ಯತಿಥಿ, ಊರ ತುಂಬ ಭಕ್ತರು. ಬೆಳಗ್ಗೆ ಹತ್ತಕ್ಕೆ ಕರೆಂಟ್ ಹೋಯಿತು. ತಂತಿ ಬದಲಿಸುವ ಕೆಲಸವಂತೆ, ಮಳೆಗಾಲ ಮುಗಿಯುವವರೆಗೂ ವಾರಕ್ಕೆ ಮೂರು ನಾಲ್ಕು ದಿನ ಹತ್ತರಿಂದ ನಾಲ್ಕರವರೆಗೆ ಹೀಗೇ ಅಂತೆ. ನಮ್ಮ ಜನರೇಟರು ರಿಪೇರಿಗೆಂದು ಹೋಗಿ ಹೋಳಿ ಹುಣ್ಣಿಮೆಯೇ ಕಳೆದಿದೆ. ಮಧ್ಯಾಹ್ನ ಎರಡು ನಲವತ್ತಕ್ಕೆ ಬ್ಯಾಟರಿ ಕೈಚೆಲ್ಲಿತು. ಊರಿನ ಐನೂರು ಫೋನು ಒಮ್ಮೆಲೇ ಮೂಕವಾದವು.

ಜನ ಬಾಗಿಲಿಗೆ ಬಂದು ಬೈದರು. ಮರಾಠಿಯಲ್ಲೂ ಕನ್ನಡದಲ್ಲೂ ಬೈಸಿಕೊಂಡೆ. ಒಬ್ಬ ಮುದುಕ ಉರ್ದುವಿನಲ್ಲಿ ಬೈದ, ಅದೊಂದೇ ಕಿವಿಗೆ ಸ್ವಲ್ಪ ಇಂಪಾಗಿತ್ತು. ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಹೋಗಬೇಕು. ಕಾಲು ನೋಯುತ್ತಿದೆ.

೩ ಮೇ

ಸೊಲ್ಲಾಪುರದಿಂದ ಲಕ್ಷ್ಮೀಕಾಂತ ಸಾಹೇಬರು ಜೀಪಿನಲ್ಲಿ ಬಂದಿದ್ದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಇಂಜಿನಿಯರು. ಹೊಸ ಬ್ಯಾಟರಿಗೆ ಬರೆದಿದ್ದಾರಂತೆ, ಎರಡು ತಿಂಗಳು ತಡೆಯಬೇಕಂತೆ. ಅಲ್ಲಿಯವರೆಗೆ ಒಂದು ಉಪಾಯ. ಕರೆಂಟ್ ಹೋದಾಗ ಕೆಲವು ಕಾರ್ಡುಗಳನ್ನು ಎಳೆದು ಹೊರಗಿಡುವುದು. ಅಳೆದು ನೋಡಿದೆವು. ಒಂದು ಕಾರ್ಡು ತಿನ್ನುವುದು ಕಾಲು ಆಂಪಿಯರ್. ಇಪ್ಪತ್ತು ಕಾರ್ಡು ತೆಗೆದರೆ ಐದು ಆಂಪಿಯರ್ ಉಳಿಯುತ್ತದೆ, ಬ್ಯಾಟರಿ ಸಂಜೆ ನಾಲ್ಕರವರೆಗೆ ಬಾಳುತ್ತದೆ. ಆದರೆ ಆ ಇಪ್ಪತ್ತು ಕಾರ್ಡಿನ ನೂರಾ ಅರವತ್ತು ಮನೆಗಳ ಫೋನು ಅಷ್ಟು ಹೊತ್ತು ಸತ್ತಿರುತ್ತದೆ.

ಯಾವ ಇಪ್ಪತ್ತು ಎಂದು ಕೇಳಿದೆ. ಸಾಹೇಬರು ಜೀಪು ಹತ್ತುತ್ತಾ, “ಅದು ನಿಮಗ ಬಿಟ್ಟದ್ದು, ಸಾತಲಿಂಗಪ್ಪನವರ” ಎಂದರು. ಅಂದರೆ ಬೈಗುಳವೂ ನನಗೇ ಬಿಟ್ಟದ್ದು.

ನಾನೊಂದು ನಿಯಮ ಮಾಡಿಕೊಂಡೆ. ದವಾಖಾನೆ, ಪೊಲೀಸ್ ಠಾಣೆ, ತಹಸೀಲ್ದಾರರ ಕಚೇರಿಯ ಕಾರ್ಡುಗಳನ್ನು ಮುಟ್ಟುವುದಿಲ್ಲ. ಉಳಿದವನ್ನು ಪಾಳಿಯ ಮೇಲೆ ಎರಡೆರಡು ತಾಸು ಎಳೆದಿಡುವುದು. ಸಾಹುಕಾರನಾಗಲಿ ಬಡವನಾಗಲಿ ಪಾಳಿ ಪಾಳಿಯೇ. ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದೆ. ನೋಡಿ ಸಮಾಧಾನವಾಯಿತು.

೯ ಮೇ

ಎಕ್ಸ್‌ಚೇಂಜಿನ ಎದುರಿಗೆ ಗಂಗುಬಾಯಿಯ ಎಸ್‌ಟಿಡಿ ಬೂತಿದೆ. ಗಂಡ ತೀರಿಹೋದ ಮೇಲೆ ಸಿಕ್ಕ ಬೂತು, ಅದರ ಮೇಲೆಯೇ ಅವಳ ಸಂಸಾರ. ಇಂದು ಅವಳು ಒಬ್ಬ ಕುರುಬನನ್ನು ಕರೆದುಕೊಂಡು ಬಂದಳು. ಹೆಸರು ಅಮೋಗಸಿದ್ಧ. ನಲವತ್ತರ ಆಸುಪಾಸು, ಇಂಥ ಬಿಸಿಲಲ್ಲೂ ಹೆಗಲ ಮೇಲೆ ಕಂಬಳಿ. ಅವನ ತಂದೆ ಧರೆಪ್ಪನಿಗೆ ಪುಪ್ಪುಸದ ರೋಗ, ಸೊಲ್ಲಾಪುರದ ದೊಡ್ಡ ದವಾಖಾನೆಯಲ್ಲಿದ್ದಾನೆ. ಮುದುಕನ ಹತ್ತಿರ ಸೊಸೆ ಚಂದ್ರಭಾಗಾ ಇದ್ದಾಳೆ. ಇವನು ಕುರಿ ಬಿಟ್ಟು ಹೋಗುವಂತಿಲ್ಲ, ಮರಿ ಹಾಕುವ ಕಾಲ. ಹಾಗಾಗಿ ದಿನಾ ಹನ್ನೆರಡರ ಸುಮಾರಿಗೆ ಚಂದ್ರಭಾಗಾ ಅಲ್ಲಿಯ ಬೂತಿನಿಂದ ಇಲ್ಲಿಗೆ ಫೋನ್ ಮಾಡುತ್ತಾಳೆ, ಇವನು ಎರಡು ಹರದಾರಿ ನಡೆದು ಬಂದು ಕಾಯುತ್ತಾನೆ.

ಬೂತು ಇರುವುದು ಇಪ್ಪತ್ತಮೂರನೆಯ ಕಾರ್ಡಿನಲ್ಲಿ. ನಾಳೆ ಅದರ ಪಾಳಿ ಹನ್ನೆರಡಕ್ಕೆ.

ಅಮೋಗಸಿದ್ಧ ಕೈ ಮುಗಿದು ಹೇಳಿದ: “ನಮ್ಮಪ್ಪಗ ನಾ ಒಬ್ಬಾವ ಮಗಾರಿ. ಜೀವಾ ಹೋಗೂಮುಂದ ಬಾಯಾಗ ನೀರ ಬಿಡಾಕ ನಾನ ಇರಬೇಕು. ಹೇಳಿ ಕಳಸಿದ್ರ ಓಡಿ ಹೋಗ್ತೀನಿ. ಅಷ್ಟ ಲೈನ್ ಚಾಲೂ ಇಡ್ರಿ.”

ನಿಯಮ ನಿಯಮವೇ ಎಂದೆ. ಆಮೇಲೆ ಇಪ್ಪತ್ತಮೂರರ ಪಾಳಿಯನ್ನು ಎರಡು ಗಂಟೆಗೆ ತಳ್ಳಿದೆ. ಕಾಗದ ತಿದ್ದಬೇಕಾಯಿತು. ಒಂದೇ ತಿದ್ದು, ಪರವಾಗಿಲ್ಲ.

೧೮ ಮೇ, ಗುರುವಾರ

ನಾಲ್ಕನೆಯ ಪ್ರತಿ ಬರೆದು ಅಂಟಿಸಿದೆ. ಲಾಡ್ಜಿನ ಮಲಕಾಜಪ್ಪ ಬಂದು ಗುರುವಾರ ಮಾತ್ರ ತನ್ನ ಲೈನು ಬಿಡಬೇಕೆಂದು ಕೇಳಿಕೊಂಡ. ಮುಂಬೈ ಪುಣೆಯ ಭಕ್ತರು ಕೋಣೆಗೆ ಫೋನ್ ಮಾಡುತ್ತಾರಂತೆ. ಮಾತು ನ್ಯಾಯವಾಗಿತ್ತು. ಔಷಧದ ಅಂಗಡಿಯವನದೂ ನ್ಯಾಯವೇ. ಸಾಲಿಯ ಹೆಡ್‌ಮಾಸ್ತರರು ರಿಸಲ್ಟ್ ಬರುವವರೆಗೆ ಎಂದರು, ಮಾಸ್ತರರಿಗೆ ಇಲ್ಲವೆನ್ನಲಾಗುತ್ತದೆಯೇ. ಹೀಗೆ ನಾನು ಬಿಟ್ಟುಕೊಟ್ಟವರ ಪಾಲಿನ ಕಡಿತ ಉಳಿದವರ ತಲೆಗೆ ಬೀಳುತ್ತದೆ. ಅವರು ಬಂದು ಕೇಳಲಿಲ್ಲವಲ್ಲ, ನಾನೇನು ಮಾಡಲಿ. ಕೇಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ.

ಮಲಕಾಜಪ್ಪ ಹೋಗುವಾಗ ಪೇಢೆಯ ಡಬ್ಬಿ ಇಟ್ಟುಹೋದ. ಪ್ರಸಾದವೆಂದ. ಪ್ರಸಾದಕ್ಕೆ ಬೇಡ ಅನ್ನಬಾರದು.

೬ ಜೂನ್

ನಿನ್ನೆ ಅಂಬಾಬಾಯಿ ಅಕ್ಕಲಕೋಟಕ್ಕೆ ಬಂದಿದ್ದಳು. ಮಲಕಾಜಪ್ಪ ತಾನೇ ಬಂದು ಅವಳನ್ನು ಹಿಂದಿನ ಬಾಗಿಲಿನಿಂದ ದರ್ಶನಕ್ಕೆ ಕರೆದುಕೊಂಡು ಹೋದ. ಸಾಲಿನಲ್ಲಿ ನಿಲ್ಲದೆ ಹತ್ತೇ ನಿಮಿಷದಲ್ಲಿ ಮುಗಿಯಿತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಆ ಕಣ್ಣಿನಿಂದ ನೋಡಿದ್ದು ನೆನಪಿಲ್ಲ. ನಿಜ ಹೇಳಬೇಕೆಂದರೆ ಖುಷಿಯಾಯಿತು.

ಬಸ್ಸಿನಲ್ಲಿ ಕಂಡಕ್ಟರ್ ಸೀಟು ಹಿಡಿದಿಟ್ಟಿರುತ್ತಾನೆ, ಅವನ ಮಾವನದೂ ಒಂದು ಫೋನಿದೆ. ಈಗ ಕಾಲು ಅಷ್ಟು ನೋಯುವುದಿಲ್ಲ. ಹೋಟೆಲಿನಲ್ಲಿ ಯಾರೋ ನನ್ನನ್ನು ಸಾಹೇಬ್ರ ಎಂದರು. ತಿದ್ದಲಿಲ್ಲ, ಚಹಾ ಆರುತ್ತಿತ್ತು.

ಗೋಡೆಯ ಕಾಗದ ತೆಗೆದುಬಿಟ್ಟೆ. ಬಂದವರೆಲ್ಲ ಅದನ್ನು ಓದಿ ವಾದಕ್ಕೆ ನಿಲ್ಲುತ್ತಾರೆ. ಎಲ್ಲ ನನ್ನ ತಲೆಯಲ್ಲೇ ಇದೆ.

೨೭ ಜೂನ್, ಮಂಗಳವಾರ

ಹೊಸ ಬ್ಯಾಟರಿ ಬಂದಿದೆ. ಇಪ್ಪತ್ತನಾಲ್ಕು ಮರದ ಪೆಟ್ಟಿಗೆ, ಜೊತೆಗೆ ಆ್ಯಸಿಡ್ಡಿನ ಕ್ಯಾನುಗಳು. ಎಲ್ಲ ಹಿಂದಿನ ವರಾಂಡದಲ್ಲಿ ಇಳಿಸಿ ಹೋದರು. ಆ್ಯಸಿಡ್ ತುಂಬಿ ಮೂರು ದಿನ ಚಾರ್ಜಿಗೆ ಹಾಕಿದರೆ ಮುಗಿಯಿತು, ಮತ್ತೆ ಯಾವ ಕಾರ್ಡನ್ನೂ ಎಳೆಯುವ ಅಗತ್ಯವಿಲ್ಲ.

ಆದರೆ ನಾಡಿದ್ದಿನಿಂದ ಆಷಾಢ. ಆಷಾಢದಲ್ಲಿ ಹೊಸದು ಯಾವುದನ್ನೂ ಶುರು ಮಾಡಬಾರದು. ಹೊಸ ಸೊಸೆಯನ್ನೇ ತವರಿಗೆ ಕಳಿಸುವ ತಿಂಗಳು, ಹೊಸ ಬ್ಯಾಟರಿಯನ್ನು ಒಳಗೆ ಕರೆಯುವುದೇ? ಲಕ್ಷ್ಮೀಕಾಂತ ಸಾಹೇಬರಿಗೆ ಫೋನ್ ಮಾಡಿ ಹೇಳಿದೆ. ಅವರು ನಕ್ಕು, ನಿಮ್ಮ ಅನುಕೂಲ ನೋಡಿಕೊಳ್ಳಿ ಎಂದರು. ಶ್ರಾವಣ ಬರಲಿ. ಎರಡು ತಿಂಗಳು ತಡೆದವರಿಗೆ ಇನ್ನೊಂದು ತಿಂಗಳು ಭಾರವಲ್ಲ.

ಹಳೆಯ ಯಂತ್ರಕ್ಕೆ ಆಷಾಢದಲ್ಲಿ ಬ್ಯಾಟರಿ ಬದಲಿಸಿದ್ದೆನೇ ಎಂದು ಯೋಚಿಸಿದೆ. ಒಮ್ಮೆ ಬದಲಿಸಿದ್ದೆ ಅನಿಸುತ್ತದೆ. ಆಗ ವಯಸ್ಸು ಚಿಕ್ಕದು.

೬ ಜುಲೈ

ಅಮೋಗಸಿದ್ಧ ಇವತ್ತು ಹಲ್ಲು ಬಿಟ್ಟು ನಗುತ್ತಾ ಬಂದ. ಮುದುಕ ತಾನೇ ಮೆಲ್ಲಗೆ ಅಲ್ಲಿಯ ಬೂತಿನವರೆಗೆ ನಡೆದು ಬಂದು ಮಾತಾಡಿದನಂತೆ. ಟಗರಿಗೆ ಮದ್ದು ಹಾಕಿದಿಯೇನೋ ಎಂದು ಕೇಳಿದನಂತೆ. ಎರಡು ತಿಂಗಳ ಮೇಲೆ ಅಪ್ಪನ ದನಿ ಕೇಳಿದ್ದು. ನನ್ನ ಕಾಲು ಮುಟ್ಟಲು ಬಂದ, ಬೇಡವೆಂದೆ. ಮುಟ್ಟಿದ.

ಅಡತಿ ಅಂಗಡಿಯ ಚನ್ನವೀರಪ್ಪ ಮಾತ್ರ ಒಮ್ಮೆಯೂ ಬಂದು ಕೇಳಿಲ್ಲ. ಜೋಳ ತೊಗರಿಯ ದೊಡ್ಡ ವ್ಯಾಪಾರಿ, ಪೇಟೆಯ ಧಾರಣೆಗೆ ದಿನವಿಡೀ ಫೋನು ಕಿವಿಯಲ್ಲೇ. ಅವನ ಲೈನೂ ಇಪ್ಪತ್ತಮೂರರಲ್ಲೇ ಇದೆ, ಬೂತಿನ ಜೊತೆಗೆ. ಗಂಗುಬಾಯಿಯ ಪುಣ್ಯದಿಂದ ಅವನಿಗೂ ಹನ್ನೆರಡರ ಪಾಳಿ ತಪ್ಪಿತು. ದಾರಿಯಲ್ಲಿ ಸಿಕ್ಕರೆ ನಮಸ್ಕಾರವೂ ಇಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುತ್ತಾರಲ್ಲ, ಅಂಥವನು.

೧೨ ಜುಲೈ

ಗುರು ಪೂರ್ಣಿಮೆ. ವಿಪರೀತ ಜನ. ಮೂವತ್ತು ಕಾರ್ಡು ಎಳೆದೆ. ನಾಲ್ಕು ಸಲ ಊಟಕ್ಕೆ ಕರೆದರು, ಎರಡು ಕಡೆ ಉಂಡೆ.

೧೭ ಜುಲೈ, ಸೋಮವಾರ

ಚನ್ನವೀರಪ್ಪ ಬಂದಿದ್ದ. ಕೇಳಿಕೊಳ್ಳಲು ಅಲ್ಲ. ಮಧ್ಯಾಹ್ನ ಎರಡರ ನಂತರ ತನ್ನ ಲೈನು ಸತ್ತಿರುತ್ತದೆ, ಲಾಡ್ಜಿನದು ಯಾಕೆ ಬದುಕಿರುತ್ತದೆ ಎಂದು ಬಾಗಿಲಲ್ಲೇ ನಿಂತು ಜೋರು ಮಾಡಿದ. ಹಿಂದೆ ಹತ್ತು ಜನ ನಿಂತಿದ್ದರು. ನಾನು ಮೇಲಿನವರ ಹುಕುಂ ಎಂದೆ. ವರಾಂಡದಲ್ಲಿ ಹೊಸ ಬ್ಯಾಟರಿ ಧೂಳು ತಿನ್ನುತ್ತಿರುವುದನ್ನು ಬೆರಳು ಮಾಡಿ ತೋರಿಸಿದ.

“ನೀ ಯಾವಾಗಿಂದ ಸಾಹೇಬ ಆದಿಯೋ? ಬ್ಯಾಟರಿಗೆ ನೀರ ಹಾಕಾಂವ ನೀ. ಹಾಕು, ಪಗಾರ ತಗೋ, ಮನಿಗಿ ಹೋಗು.”

ಹದಿನೆಂಟು ವರ್ಷ ಇದೇ ಕೆಲಸ ಮಾಡಿದ್ದೇನೆ. ಬ್ಯಾಟರಿಗೆ ನೀರು ಹಾಕುವವನೆಂದು ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅವನ ಬಾಯಲ್ಲಿ ಕೇಳಿದಾಗ ಮೈ ಉರಿಯಿತು. ಹಿಂದೆ ನಿಂತ ಹತ್ತರಲ್ಲಿ ಇಬ್ಬರು ನಕ್ಕರು. ಒಬ್ಬನಿಗೆ ನಾನೇ ಕಳೆದ ವಾರ ಲೈನು ಬಿಟ್ಟಿದ್ದೆ.

ಮನೆಯಲ್ಲಿ ಇದನ್ನು ಹೇಳಲಾರೆ.

೧೮ ಜುಲೈ

ಇವತ್ತು ಕರೆಂಟ್ ಹೋಗಲಿಲ್ಲ. ಹನ್ನೊಂದಕ್ಕೆ ಇಪ್ಪತ್ತಮೂರನೆಯ ಕಾರ್ಡು ಎಳೆದೆ. ಸೋಮವಾರ ಮಾಲು ಬಂದರೆ ಮಂಗಳವಾರ ಹನ್ನೊಂದಕ್ಕೆ ಚನ್ನವೀರಪ್ಪ ಲಾತೂರಿನ ಧಾರಣೆ ಕೇಳುತ್ತಾನೆ. ಕೇಳಲಿ ನೋಡೋಣ. ಅರ್ಧ ತಾಸು, ಹೆಚ್ಚಿಲ್ಲ, ಹನ್ನೆರಡರೊಳಗೆ ಮತ್ತೆ ಹಾಕಬೇಕೆಂದಿದ್ದೆ.

ಮಲಕಾಜಪ್ಪ ಕರೆಯಲು ಬಂದ, ಅವನ ಮೊಮ್ಮಗನ ಹುಟ್ಟುಹಬ್ಬ. ಬೀಗ ಹಾಕಿ ಹೋದೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಪುಣೆಯ ಯಾರೋ ದೊಡ್ಡವರಿಗೆ ಪರಿಚಯ ಮಾಡಿಸಿದ. ಹೋಳಿಗೆ ಇತ್ತು. ವಾಪಸ್ ಬಂದಾಗ ಒಂದೂ ಕಾಲು.

ಬೂತಿನ ಎದುರಿನ ಬೇವಿನ ಕೆಳಗೆ ಅಮೋಗಸಿದ್ಧ ಕುಳಿತಿದ್ದ. ಗಂಗುಬಾಯಿ ಎರಡು ಸಲ ಬಂದು ಬೀಗ ನೋಡಿ ಹೋದಳಂತೆ. ಲೈನು ಯಾಕೆ ಸತ್ತಿತ್ತು, ಬೂತಿನಲ್ಲಿ ದೀಪ ಉರೀತಿತ್ತಲ್ಲ ಎಂದು ಕೇಳಿದಳು. ನಮ್ಮ ಕಡೆಯ ತಂತಿ ಬೇರೆ, ಅದರಲ್ಲಿ ಹೋಗಿತ್ತು ಎಂದೆ. ಕಾರ್ಡು ಹಾಕಿದೆ. ಆಫೀಸಿನ ವಹಿಯಲ್ಲಿ ‘ವಿದ್ಯುತ್ ಇಲ್ಲ’ ಎಂದು ಬರೆದೆ.

ಅಮೋಗಸಿದ್ಧ ಎರಡೂವರೆಯವರೆಗೆ ಕಾದು, ಇವತ್ತು ಹೇಳುವಂಥದ್ದು ಏನೂ ಇರಲಿಕ್ಕಿಲ್ಲ ಎಂದು ಎದ್ದು ಹೋದ. ನನಗೂ ಹಾಗೆಯೇ ಅನಿಸಿತು.

೨೦ ಜುಲೈ

ಧರೆಪ್ಪ ತೀರಿಹೋದ. ಮಂಗಳವಾರವೇ.

ಗಂಗುಬಾಯಿ ಹೇಳಿದಳು. ಬೆಳಗ್ಗೆ ಹನ್ನೊಂದರ ನಂತರ ಉಸಿರು ಏರಿತಂತೆ. ಡಾಕ್ಟರು ಮಗನನ್ನು ಕರೆಸಿ ಎಂದರಂತೆ. ಚಂದ್ರಭಾಗಾ ಹನ್ನೊಂದೂವರೆಯಿಂದ ಒಂದರವರೆಗೆ ಫೋನು ಹಚ್ಚಿದಳು, ಹತ್ತಲಿಲ್ಲ. ಮುದುಕನ ಹತ್ತಿರ ಯಾರೂ ಇಲ್ಲವೆಂದು ಮತ್ತೆ ಒಳಗೆ ಓಡಿದಳು. ಮೂರೂವರೆಗೆ ಜೀವ ಹೋಯಿತು. ಕೊನೆಯವರೆಗೂ ಎಚ್ಚರವಿತ್ತಂತೆ, ಬಾಗಿಲ ಕಡೆಗೇ ನೋಡುತ್ತಿದ್ದನಂತೆ. ನೀರು ಸೊಸೆಯೇ ಬಿಟ್ಟಳು.

ಹನ್ನೊಂದೂವರೆಗೆ ಫೋನು ಹತ್ತಿದ್ದರೆ ಗಂಗುಬಾಯಿ ಯಾರನ್ನಾದರೂ ಸೈಕಲ್ ಮೇಲೆ ಅಮೋಗಸಿದ್ಧನ ಎದುರಿಗೆ ಕಳಿಸುತ್ತಿದ್ದಳು. ಇಲ್ಲವೆಂದರೂ ಹನ್ನೆರಡಕ್ಕೆ ಅವನೇ ಬಂದಿದ್ದ. ಹನ್ನೆರಡೂವರೆಯ ಬಸ್ಸು ಎರಡರೊಳಗೆ ಸೊಲ್ಲಾಪುರ ಮುಟ್ಟುತ್ತದೆ. ಹದಿನೆಂಟು ವರ್ಷದಿಂದ ಆ ದಾರಿಯ ಬಸ್ಸುಗಳು ನನಗೆ ಬಾಯಿಪಾಠ.

ಕಾಲು ಆಂಪಿಯರ್.

೨೧ ಜುಲೈ

ಆ್ಯಸಿಡ್ ತುಂಬಿದೆ. ಒಬ್ಬನೇ. ಎರಡು ಬೆರಳು ಸುಟ್ಟವು.

೨೪ ಜುಲೈ, ಸೋಮವಾರ

ಹೊಸ ಬ್ಯಾಟರಿ ಜೋಡಿಸಿದೆ. ಹತ್ತರಿಂದ ನಾಲ್ಕರವರೆಗೆ ಕರೆಂಟ್ ಇರಲಿಲ್ಲ, ಯಾವ ಕಾರ್ಡೂ ಎಳೆಯಲಿಲ್ಲ. ಇನ್ನೂ ಅರ್ಧದಷ್ಟು ಉಳಿದಿತ್ತು. ಆಷಾಢ ಎಂದು ಯಾರೂ ಕೇಳಲಿಲ್ಲ. ಯಾರೂ ಬರಲೇ ಇಲ್ಲ, ಇನ್ನು ನನ್ನಿಂದ ಆಗಬೇಕಾದ್ದು ಯಾರಿಗೂ ಏನಿಲ್ಲ.

ಅಂಬಾಬಾಯಿ ಯಾಕೆ ಊಟ ಮಾಡುತ್ತಿಲ್ಲ ಎಂದಳು. ಬೆರಳು ಸುಟ್ಟಿದೆ ಎಂದೆ.

೨೬ ಜುಲೈ, ಬುಧವಾರ

ಮಧ್ಯಾಹ್ನ ಅಮೋಗಸಿದ್ಧ ಬಂದ. ತಲೆ ಬೋಳಿಸಿದ್ದ. ಒಳಗೆ ಬರಲೇ ಎಂದು ಬಾಗಿಲಲ್ಲಿ ನಿಂತು ಕೇಳಿದ. ಸ್ಟೂಲು ಕೊಟ್ಟೆ, ಅವನು ನೆಲದ ಮೇಲೆಯೇ ಕುಳಿತ. ಶುಕ್ರವಾರ ಹನ್ನೊಂದನೆಯ ದಿನ, ಊರಲ್ಲಿ ಊಟ ಇಟ್ಟುಕೊಂಡಿದ್ದಾನೆ. ಗಂಗುಬಾಯಿಯನ್ನು ಕರೆದು ಬಂದಿದ್ದ, ಈಗ ನನ್ನನ್ನು ಕರೆಯಲು ಬಂದಿದ್ದ.

“ನೀವು ಬರಾಕ ಬೇಕ್ರಿ ಸಾಹೇಬ್ರ. ಎರಡು ತಿಂಗಳ ದಿನಾ ನಮ್ಮಪ್ಪನ ಸುದ್ದಿ ಮುಟ್ಟಿಸೀರಿ. ಒಂದ್ ದಿನ ದನಿನೂ ಕೇಳಿಸೀರಿ. ಕಡೀ ದಿನ ಕರೆಂಟ್ ಹೋತು. ಅದಕ್ಕ ಯಾರ ಏನ ಮಾಡಾಕ ಬರತೈತ್ರಿ? ನನ್ನ ನಸೀಬ.”

ನಾನು ಹ್ಞೂಂ ಅನ್ನಬಹುದಿತ್ತು. ಆಫೀಸಿನ ವಹಿಯಲ್ಲಿ ಹಾಗೆಯೇ ಬರೆದಿದೆ, ಗಂಗುಬಾಯಿಯೂ ನಂಬಿದ್ದಾಳೆ, ಇವನೂ ನಂಬಿದ್ದಾನೆ. ಹ್ಞೂಂ ಎಂದಿದ್ದರೆ ಜನ್ಮಪೂರ್ತಿ ಇವನು ನನಗೆ ಕೈ ಮುಗಿಯುತ್ತಿದ್ದ.

“ಅವತ್ತ ಕರೆಂಟ್ ಹೋಗಿರಲಿಲ್ಲ” ಎಂದೆ. “ನಾನ ನಿಮ್ಮ ಲೈನ್ ಬಂದ್ ಮಾಡಿದ್ದೆ.”

ಅವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ.

“ಯಾಕ್ರಿ?”

“ಚನ್ನವೀರಪ್ಪನ ಮ್ಯಾಲೆ ಸಿಟ್ಟಿತ್ತು.”

“ಚನ್ನವೀರಪ್ಪ ಅಂದ್ರ ಯಾರ್ರಿ?”

ಹೇಳಬೇಕಾಯಿತು. ಕಪಾಟಿನ ಬಾಗಿಲು ತೆರೆದು ಕಾರ್ಡು ತೋರಿಸಿದೆ. ಇದರಲ್ಲಿ ಎಂಟು ಲೈನು, ಒಂದು ಬೂತಿನದು, ಒಂದು ಅಡತಿ ಅಂಗಡಿಯದು. ಅಂಗಡಿಯವನು ಹಿಂದಿನ ದಿನ ಹತ್ತು ಜನರ ಎದುರಿಗೆ ನನ್ನನ್ನು ಬ್ಯಾಟರಿಗೆ ನೀರು ಹಾಕುವವನು ಅಂದ. ಅದಕ್ಕೆ ಹನ್ನೊಂದಕ್ಕೆ ಇದನ್ನು ಎಳೆದೆ. ಆಮೇಲೆ ಹೋಳಿಗೆ ತಿನ್ನಲು ಹೋಗಿ ಮರೆತೆ. ಹೇಳುತ್ತಾ ಹೋದ ಹಾಗೆ ಮಾತು ಸಣ್ಣದಾಗುತ್ತಾ ಹೋಯಿತು.

ಅಮೋಗಸಿದ್ಧ ಎಲ್ಲವನ್ನೂ ಕೇಳಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಬೈಸಿಕೊಂಡು ನನಗೆ ರೂಢಿಯಿದೆ. ಕಂಬಳಿ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಎದ್ದ. ಬಾಗಿಲವರೆಗೆ ಹೋಗಿ ತಿರುಗಿದ.

“ಅದನ್ನ ಮೊದಲ ಹಾಕ್ರಿ. ಯಾರಾರ ಕಾಯಾಕತ್ತಿರ್ತಾರ.”

ಕೈಯಲ್ಲಿದ್ದ ಕಾರ್ಡು ನೋಡಿಕೊಂಡೆ. ತೋರಿಸುವ ಭರದಲ್ಲಿ ಎಳೆದಿದ್ದೆ, ಎಳೆದದ್ದೇ ಗೊತ್ತಾಗಿರಲಿಲ್ಲ. ಹಾಕಿದೆ. ದೀಪ ಹತ್ತುವವರೆಗೂ ಅವನು ನಿಂತು ನೋಡಿದ.

“ಊಟಕ್ಕ ನೀವು ಬರಬ್ಯಾಡ್ರಿ” ಎಂದು ಹೇಳಿ, ಹೊರಗೆ ಬಿಟ್ಟಿದ್ದ ಜೋಡು ಮೆಟ್ಟಿಕೊಂಡು ಹೋದ.